ಮಾರ್ಲಿಸ್ ನಟಿಸಿದ ಒಂದೇ ಸಿನಿಮಾ

ನಮ್ಮೂರಿನ ಚಿತ್ರೋತ್ಸವದಲ್ಲಿ ಬಾಗಿಲು ಕಾಯುವ ಕೆಲಸ ನನ್ನದು. ಇಪ್ಪತ್ತೆರಡು ವರ್ಷವಾಯಿತು, ಸಂಬಳ ಇಲ್ಲ, ವರ್ಷಕ್ಕೊಂದು ಉಣ್ಣೆಯ ಟೋಪಿ ಕೊಡುತ್ತಾರೆ. ಕೊಲೊರಾಡೊದ ಈ ಬೆಟ್ಟದ ಊರಿಗೆ ಜನವರಿಯಲ್ಲಿ ಎರಡು ಜಾತಿಯ ಜನ ಬರುತ್ತಾರೆ: ಸಿನಿಮಾ ಮಾಡಿ ಕೂತವರು, ಸಿನಿಮಾ ಕೊಳ್ಳುವವರು. ಕೊಳ್ಳುವವರು ಯಾವಾಗಲೂ ಅಂಚಿನ ಕುರ್ಚಿಯನ್ನೇ ಹಿಡಿಯುತ್ತಾರೆ, ಕಾಲು ಗಂಟೆ ನೋಡಿ ಇನ್ನೊಂದು ಸಿನಿಮಾಕ್ಕೆ ಎದ್ದು ಹೋಗುತ್ತಾರೆ. ಅದೇ ಅವರ ಪದ್ಧತಿ, ತಪ್ಪೇನಿಲ್ಲ ಅನ್ನುತ್ತಾರೆ. ಬಾಗಿಲು ತೆಗೆದು ಅವರನ್ನು ಹೊರಗೆ ಬಿಡುವಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಡೆಲ್ಮಾರ್ ಕ್ರೂಸ್ ಸಿನಿಮಾ ಮಾಡಿ ಕೂತವನು. ನೆಬ್ರಾಸ್ಕಾ ಕಡೆಯವನು, ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್, ವಯಸ್ಸು ಅರವತ್ತರ ಹತ್ತಿರ. ಏಳು ವರ್ಷ, ಭಾನುವಾರ ಮಾತ್ರ ಕ್ಯಾಮೆರಾ ಹಿಡಿದು, ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಕಥೆಯನ್ನು ಸಿನಿಮಾ ಮಾಡಿದ್ದ. ಅದರಲ್ಲಿ ಕಾಫಿ ಬಡಿಸುವ ಹೆಂಗಸು ಅವನ ಹೆಂಡತಿ ಮಾರ್ಲಿಸ್. ಚಿತ್ರೀಕರಣ ಮುಗಿದ ಮರುವರ್ಷ ಆಕೆ ತೀರಿಕೊಂಡಳು. ಅವಳ ಮುಖ ಊರೂರಿನ ದೊಡ್ಡ ಪರದೆಯ ಮೇಲೆ ಕಾಣಬೇಕು, ಅವನಿಗೆ ಇದ್ದದ್ದು ಇದೊಂದೇ ಆಸೆ. ಅದಕ್ಕೆ ಸಿನಿಮಾ ಕೊಂಡು ಊರೂರಿಗೆ ಕಳಿಸುವ ಹಂಚಿಕೆದಾರ ಬೇಕು. ಹಂಚಿಕೆದಾರನಿಗಾಗಿ ಹತ್ತು ಉತ್ಸವ ಸುತ್ತಿದ್ದ, ನಮ್ಮದು ಹನ್ನೊಂದನೆಯದು.

ಬಂದ ದಿನದಿಂದ ಮಧ್ಯಾಹ್ನವಾದರೆ ನನ್ನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಒಬ್ಬನೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಎಲ್ಲಾ ಊರಲ್ಲೂ ಚಪ್ಪಾಳೆ ಹೊಡೀತಾರಮ್ಮಾ. ಕೆಲವರು ಅಳ್ತಾರೆ. ಆಮೇಲೆ ಗುಂಪು ಕಟ್ಕೊಂಡು ಊಟಕ್ಕೆ ಹೋಗ್ತಾರೆ."

"ನೀನೂ ಜೊತೇಲಿ ಹೋಗ್ಬಾರ್ದಾ?"

"ಯಾರೂ ಕರೆಯಲ್ಲ."

ಅವನ ಪ್ರದರ್ಶನ ಇದ್ದದ್ದು ಕೊನೆಯ ದಿನ, ಭಾನುವಾರ ನಾಲ್ಕಕ್ಕೆ. ಅಷ್ಟು ಹೊತ್ತಿಗೆ ಕೊಳ್ಳುವವರೆಲ್ಲ ಊರು ಬಿಟ್ಟಿರುತ್ತಾರೆ. ಶನಿವಾರ ಟೆಸ್ಸಾ ವೆಲ್ಡನ್ ಎಂಬ ಹಂಚಿಕೆದಾರಳು ತಾನಾಗಿಯೇ ಬೆಂಚಿನ ಹತ್ತಿರ ಬಂದಳು.

"ನಿಮ್ಮ ಹೋಟೆಲ್ ಕಥೆ ಬಗ್ಗೆ ಕೇಳಿದೆ. ಸಂಜೆ ವಿಮಾನ ಇದೆ ನಂಗೆ. ಸಿನಿಮಾದ ಲಿಂಕ್ ಕಳಿಸಿ, ಫೋನಲ್ಲೇ ನೋಡ್ತೀನಿ."

"ಲಿಂಕ್ ಕೊಡಲ್ಲ ಮೇಡಂ. ಹಾಲಲ್ಲೇ ನೋಡ್ಬೇಕು."

"ಈ ಕಾಲದಲ್ಲಿ ಹಾಗಂದ್ರೆ ವ್ಯಾಪಾರ ಹೇಗೆ ಆಗುತ್ತೆ ಹೇಳಿ" ಎಂದು ನಕ್ಕು, ಇಮೇಲ್ ವಿಳಾಸದ ಚೀಟಿ ಕೊಟ್ಟು ಹೋದಳು.

ನನಗೆ ತಡೆಯಲಾಗಲಿಲ್ಲ. "ತಲೆ ಕೆಟ್ಟಿದ್ಯಾ ನಿಂಗೆ? ಹತ್ತು ಊರು ಅಲೆದಿದ್ದೀಯ. ಒಬ್ಬಳು ಬಂದು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅಂತೀಯಲ್ಲ! ಗಾಳಿ ಬಂದಾಗ ತೂರ್ಕೋಬೇಕು ಕಣಪ್ಪಾ."

"ಅಂಗೈಯಗಲದ ಫೋನಲ್ಲಿ ಮಾರ್ಲಿಸ್‌ನ ನೋಡೋದು ಬೇಡ ಅಂತ."

"ನೋಡದೇ ಇರೋದಕ್ಕಿಂತ ವಾಸಿ ಅಲ್ವಾ?"

ಅವನು ಉಳಿದ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಟ್ಟ. ಆಮೇಲೆ ಫೋನನ್ನು ನನ್ನ ಕೈಗಿಟ್ಟ. ಅವನ ದಪ್ಪ ಬೆರಳುಗಳಿಗೆ ಆ ಅಕ್ಷರಗಳು ಒಗ್ಗುತ್ತಿರಲಿಲ್ಲ, ಹಾಗಾಗಿ ವಿಳಾಸ ಬರೆದದ್ದು ನಾನು. ಕಳಿಸಿದ್ದೂ ನಾನೇ.

ಭಾನುವಾರ ಮೂರೂವರೆಗೆ ಬಂದು ಫೋನು ತೋರಿಸಿದ. ಲಿಂಕನ್ನು ಯಾರು ಎಷ್ಟು ಹೊತ್ತು ನೋಡಿದರೆಂಬುದು ಅದರಲ್ಲಿ ಗೊತ್ತಾಗುತ್ತದಂತೆ. ನನಗೆ ಅದು ತಿಳಿದೇ ಇರಲಿಲ್ಲ.

"ಹದಿನಾಲ್ಕು ನಿಮಿಷ" ಎಂದ. "ತುಂಬಾ ಚೆನ್ನಾಗಿದೆ, ಆದ್ರೆ ನಮಗೆ ಹೊಂದಲ್ಲ ಅಂತ ಬರೆದಿದ್ದಾಳೆ."

"ಅಷ್ಟಾದ್ರೂ ನೋಡಿದಾಳಲ್ಲ."

"ಮಾರ್ಲಿಸ್ ಬರೋದು ಹದಿನೇಳನೇ ನಿಮಿಷಕ್ಕಮ್ಮಾ."

ಅವನು ನನ್ನನ್ನು ಬಯ್ಯಬಹುದಿತ್ತು, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವನು ಕೇಳಿದ್ದು ಇಷ್ಟೇ: "ಒಳಗೆ ಎಷ್ಟು ಜನ ಇದ್ದಾರೆ?"

"ಇಪ್ಪತ್ತಮೂರು."

ತಲೆಯಾಡಿಸಿ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಆ ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಉತ್ಸವದ ಬಾವುಟಗಳನ್ನು ಇಳಿಸಿ ಲಾರಿಗೆ ತುಂಬುತ್ತಿದ್ದರು.

ಬಾಗಿಲು ಹಾಕಿದ ಮೇಲೆ ನಾನು ಹೊರಗಿರುವುದು ವಾಡಿಕೆ. ಅವತ್ತು ಒಳಗೇ ಉಳಿದು ಅವನ ಹಿಂದೆ ಗೋಡೆಗೆ ಒರಗಿ ನಿಂತೆ. ಮಾರ್ಲಿಸ್ ಪರದೆಯ ಮೇಲೆ ಬಂದಳು. ತುಂಬಿದ ಮೈಯ ಹೆಂಗಸು, ತೋಳು ಮಡಚಿದ ಅಂಗಿ, ಕೈಯಲ್ಲಿ ಕಾಫಿಯ ಹೂಜಿ. ಬಗ್ಗಿ, ನಮ್ಮನ್ನೇ ನೋಡುವಂತೆ ನೋಡಿ ಕೇಳಿದಳು:

"ಇನ್ನೊಂಚೂರು ಹಾಕ್ಲಾ?"

ಪರದೆಯಲ್ಲಿದ್ದ ಗಿರಾಕಿ ಬಾಯಿ ತೆರೆಯುವ ಮೊದಲೇ ನನ್ನ ಮುಂದಿನ ಕುರ್ಚಿಯಲ್ಲಿ ಡೆಲ್ಮಾರ್ ಮೆಲ್ಲಗೆ, "ಹಾಕು" ಎಂದ.