ಕೈ ಮೇಲೆ ಕೂತ ಮಗಳು

ನಾನು ಮಗಳಿಗೆ ಒಂದೇಟೂ ಹೊಡೆದವಳಲ್ಲ. ದನಿ ಏರಿಸಿದ್ದೂ ಇಲ್ಲ. "ಕೈ ಮೇಲೆ ಕೂತ್ಕೋ, ಚಿನ್ನ," ಅಂತಷ್ಟೇ ಹೇಳುತ್ತಿದ್ದೆ.

ನಾವಿರೋದು ಹೊಸಕೋಟೆಯಲ್ಲಿ. ಯಜಮಾನರಿಗೆ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಹಾಗಾಗಿ ಮೂರನೇ ಕ್ಲಾಸಿನ ಮಗಳ ಲೆಕ್ಕ ನನ್ನ ಪಾಲಿಗೆ. ಆ ಸಲದ ಪರೀಕ್ಷೆಯಲ್ಲಿ ಕಮ್ಮಿ ಬಂದವರನ್ನು ಬಿ ಸೆಕ್ಷನ್ನಿಗೆ ಹಾಕುತ್ತಾರೆ ಅಂದಿದ್ದರು. ಅವಳಿಗಿದ್ದ ಒಬ್ಬಳೇ ಗೆಳತಿ ಜಾಣೆ, ಎ ಸೆಕ್ಷನ್ ಬಿಡುವವಳಲ್ಲ.

ಇವಳೋ ಬೆರಳು ಎಣಿಸುತ್ತಿದ್ದಳು. ಅನುಗೊಂಡನಹಳ್ಳಿಯ ನಮ್ಮತ್ತೆ ಕಲಿಸಿದ್ದು. ಹೆಬ್ಬೆರಳಿಂದ ಗೆಣ್ಣು ಮುಟ್ಟುತ್ತಾ ಹೋಗೋದು, ಬೆರಳಿಗೆ ಮೂರು, ಕೈಗೆ ಹನ್ನೆರಡು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಕಾನ್ವೆಂಟಿನಲ್ಲಿ ಬೆರಳು ಎಣಿಸಿದವರನ್ನು ಸಿಸ್ಟರ್ ಅವರವರ ಕೈ ಮೇಲೇ ಕೂರಿಸೋರು. ನಾನು ಹಾಗೇ ಕಲಿತೆ.

ಸಂಜೆ ಅತ್ತೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂರೋರು. ಪಕ್ಕದ ಚಾಪೆಯಲ್ಲಿ ಮಗಳು, ಅಂಗೈ ತೊಡೆಯಡಿ.

"ಏಳೆಂಟ್ಲ?"

ಫ್ರಾಕಿನ ಅಂಚಿನಲ್ಲಿ ಕಾಲ್ಬೆರಳು ಅಲ್ಲಾಡಿತು. ಇಂಥದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. "ಕಾಲೂ ಬೇಡ, ಚಿನ್ನ," ಅಂತ ನಕ್ಕೆ.

ಮಾರನೇ ದಿನ ಕಾಲು ಸುಮ್ಮನಿತ್ತು, ಕೆನ್ನೆ ಮಾತ್ರ ಒಳಗಿಂದ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ನಾಲಿಗೆಯಲ್ಲಿ ಹಲ್ಲು ಎಣಿಸುತ್ತಿದ್ದಾಳೆ! ಬಾಯಿ ತೆರೆದುಕೊಂಡು ಯೋಚನೆ ಮಾಡು ಅಂದೆ. ತೆರೆದಳು. ಜೊಲ್ಲು ಇಳಿದು ಫ್ರಾಕಿನ ಮೇಲೆ ಬಿತ್ತು. ಒರೆಸಿಕೊಳ್ಳೋಕೂ ಕೈ ತೆಗೆಯೋಕೆ ಬಿಡಲಿಲ್ಲ ನಾನು.

"ಏನವ್ವಾ, ದೇವ್ರು ಹತ್ತು ಬೆಳ್ಳು ಕೊಟ್ಟಿರೋದು ಮೇಲೆ ಕೂತ್ಕಳಕ್ಕಾ?" ಅಂದರು ಅತ್ತೆ.

"ನೀವು ಸುಮ್ನಿರಿ ಅತ್ತೆ. ನನ್ ಮಗಳು ಅವರೆಕಾಳು ಹಿತುಕೋಕೆ ಹುಟ್ಟಿಲ್ಲ."

ಅವತ್ತಿಂದ ಅವರು ಏನಾದರೂ ಎಣಿಸಬೇಕಾದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳೋರು.

ಪರೀಕ್ಷೆ ಮುಗಿದ ಮೇಲೆ ಟೀಚರ್ ಕರೆಸಿದರು. ಪೇಪರಿನ ತಲೆಯಲ್ಲಿ ದುಂಡಗೆ ಅವಳ ಹೆಸರು, ಕೆಳಗೆಲ್ಲಾ ಖಾಲಿ.

"ಹೆಸ್ರು ಬರೆದವಳೇ ಎರಡೂ ಕೈ ಮೇಲೆ ಕೂತ್ಬಿಟ್ಲು ಮೇಡಂ. ಬೆಲ್ ಆಗೋವರ್ಗೂ ತೆಗೀಲೇ ಇಲ್ಲ."

ಮನೆಗೆ ಬರುವಾಗ ಆಟೋದಲ್ಲಿ ಕೇಳಿದೆ, "ಯಾಕೆ ಬರೀಲಿಲ್ಲ?"

"ಕೈ ಆಚೆ ತೆಗೆದ್ರೆ ಅದೇ ಎಣಿಸ್ಬಿಡತ್ತಮ್ಮ. ನಾನೆಲ್ಲಾ ಮನಸಲ್ಲೇ ಹೇಳ್ದೆ." ಆಮೇಲೆ ನಾನು ಕೇಳದೆಯೇ ಹೇಳಿದಳು, "ಏಳೆಂಟ್ಲ ಐವತ್ತಾರು."

ಸರಿಯಾಗಿತ್ತು.

ಸೋಮವಾರದಿಂದ ಬಿ ಸೆಕ್ಷನ್. ಗೆಳತಿ ಎರಡು ದಿನ ಕಿಟಕಿಯಿಂದ ಕೈ ಬೀಸಿದಳಂತೆ, ಮೂರನೇ ದಿನ ಇಲ್ಲ.

ಆ ಸಂಜೆ ಚಾಪೆ ಹಾಸಿ, "ಬೆರಳು ಎಣಿಸ್ಕೋ ಚಿನ್ನ, ಪರ್ವಾಗಿಲ್ಲ," ಅಂದೆ. ಅದೇ ಮೆತ್ತನೆ ದನಿ, ಬೇರೆ ದನಿ ನನಗಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ನೋಡುತ್ತಲೇ ಎರಡೂ ಅಂಗೈಯನ್ನು ತೊಡೆಯಡಿ ತೂರಿಸಿ, ಬಾಯಿ ತೆರೆದು ಕೂತಳು.