ನಸೀಮಾ ಬರೆಯಬೇಕಿದ್ದ ಅಂಕಣ

ನಾನು ಸುಳ್ಳು ಹೇಳಿದೆ. ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಬಗ್ಗೆ ಆರು ವರ್ಷದಿಂದ ನೀವು ಓದುತ್ತಿರುವ ಈ ಅಂಕಣ ನನಗೆ ದಕ್ಕಿದ್ದೇ ಆ ಸುಳ್ಳಿನಿಂದ. ಇದು ನಸೀಮಾ ಬರೆಯಬೇಕಿದ್ದ ಜಾಗ.

ಆಗ ರಾಮನಗರದಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಂದು ಭಾನುವಾರ ಸೇರಿ ಸಿನಿಮಾ ನೋಡಿ ಮಾತಾಡುತ್ತಿದ್ದೆವು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನೇ ಅಲ್ಲಿ ಪಂಡಿತೆ. ಬೆಳಕಿನ ವೇಗ, ಕಪ್ಪುಕುಳಿ — ನಾನು ಬಾಯಿ ತೆರೆದರೆ ಸಾಕು, ಎಲ್ಲರೂ ತಲೆದೂಗುತ್ತಿದ್ದರು. ಅದರ ರುಚಿ ನನಗೆ ಚೆನ್ನಾಗಿ ಹತ್ತಿತ್ತು.

ನಸೀಮಾ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಮನೆಯ ಹುಡುಗಿ. ಪಿಯುಸಿ ಮುಗಿಸಿ ಮನೆಯ ಘಟಕದಲ್ಲೇ ಕೆಲಸಕ್ಕೆ ಕೂತಿದ್ದಳು. ಅವಳ ಅಬ್ಬಾ ಸ್ಕೂಟರಿನಲ್ಲಿ ಕರೆತಂದು, ಮುಗಿಯುವ ತನಕ ಹಿಂದಿನ ಕುರ್ಚಿಯಲ್ಲಿ ಕಾಯುತ್ತಿದ್ದರು.

ಆ ಭಾನುವಾರದ ಸಿನಿಮಾದಲ್ಲಿ ದೂರದ ಗ್ರಹಕ್ಕೆ ಹೊರಟವರು ಗಾಜಿನ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತಾರೆ. ದೇಹವನ್ನು ತಣ್ಣಗಿಡುವ ತಂತ್ರದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಆಮೇಲೆ, "ನಿನಗೇನನ್ನಿಸ್ತು ನಸೀಮಾ?" ಎಂದೆ. ನಿಜ ಹೇಳುತ್ತೇನೆ — ಅವಳು ತಡವರಿಸಲಿ ಎಂದೇ ಕೇಳಿದ್ದು.

"ಭಯ ಆಯ್ತು ಅಕ್ಕ," ಎಂದಳು. "ದಿನಾ ಗೂಡು ಬೇಯಿಸ್ತೀವಲ್ಲ. ಒಳಗಿರೋ ಹುಳಾನೂ ರೆಕ್ಕೆ ಬತ್ತೈತೆ ಅಂತ್ಲೇ ಮಲಗಿರ್ತೈತೆ. ನಮ್ಮ ಕೈಗೆ ಬಂದಿದ್ದು ಒಂದೂ ಎದ್ದಿಲ್ಲ. ಇವರು ಎದ್ದು ಕೂತ್ರಲ್ಲ... ಅತ್ತೇ ಬುಟ್ಟೆ."

ಆ ಸಿನಿಮಾವನ್ನು ನಾನು ನಾಲ್ಕು ಸಲ ನೋಡಿದ್ದೆ. ನಾನೂ ಇದೇ ಊರಿನಲ್ಲಿ, ಇದೇ ಗೂಡು ಬೇಯುವ ವಾಸನೆಯಲ್ಲಿ ಬೆಳೆದವಳು. ನನಗೇಕೆ ಹೊಳೆಯಲಿಲ್ಲ? ಇಪ್ಪತ್ತು ವರ್ಷ ಓದಿದ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಈ ಪತ್ರಿಕೆಯ ಸಂಪಾದಕರು ಅಂದು ಅತಿಥಿಯಾಗಿ ಬಂದಿದ್ದರು. ಎರಡು ದಿನ ಬಿಟ್ಟು ಫೋನ್ ಮಾಡಿ, "ಆ ಹುಡುಗಿ ಕೈಲಿ ಅಂಕಣ ಬರೆಸೋಣ ಮೇಡಂ, ನೀವೇ ಕೇಳಿ ನೋಡಿ," ಎಂದರು.

"ಅವರ ಮನೇಲಿ ಒಪ್ಪಲ್ಲ ಸಾರ್."

ಇಷ್ಟೇ. ಯಾರು ಒಪ್ಪುವುದಿಲ್ಲ, ಯಾಕೆ — ಅವರು ಕೇಳಲಿಲ್ಲ. ಕೇಳುವುದಿಲ್ಲವೆಂದು ಗೊತ್ತಿದ್ದೇ ಆ ಸುಳ್ಳನ್ನು ಆರಿಸಿದ್ದೆ. ನಸೀಮಾ ಎಂಬಂಥ ಹೆಸರಿನವರ ಮನೆಯ ಬಗ್ಗೆ ಹಾಗೆ ಹೇಳಿದರೆ ಎಲ್ಲರೂ ನಂಬುತ್ತಾರೆ. "ಹಾಗಾದ್ರೆ ನೀವೇ ಬರೀರಿ," ಎಂದರು.

ಮೊದಲ ಬರಹಕ್ಕೆ ನನ್ನಲ್ಲಿ ಏನೂ ಹುಟ್ಟಲಿಲ್ಲ. ಅವಳ ಗೂಡಿನ ಮಾತನ್ನೇ ನನ್ನದೆಂಬಂತೆ ಬರೆದೆ. ಹೆಸರು ಹಾಕಿದರೆ ಅವಳ ಮನೆಯಲ್ಲಿ ತೊಂದರೆಯಾದೀತೆಂದು ಸಂಪಾದಕರೂ ಸುಮ್ಮನಿದ್ದರು. ತುಂಬ ಜನ ಮೆಚ್ಚಿದರು. ಮುಂದಿನ ಭಾನುವಾರ ನಸೀಮಾ ಬಂದು, "ನಾನಂದಿದ್ದು ನೆನಪಿಟ್ಕಂಡು ಬರ್ದಿದ್ದೀರಲ್ಲ ಅಕ್ಕ," ಎಂದು ಸಂತೋಷಪಟ್ಟಳು — ಸಂತೋಷ! ನಾನು ನಕ್ಕೆ. ಕೆಲ ತಿಂಗಳ ನಂತರ ಅವಳು ಬರುವುದು ನಿಂತಿತು. ನನಗೆ ಹಗುರವೆನಿಸಿತು.

ಕಳೆದ ತಿಂಗಳು ಸಂಪಾದಕರು ಮಾತಿನ ನಡುವೆ, "ಆ ಹುಡುಗಿಗೆ ಮನೆಯವರು ಬಿಟ್ಟಿದ್ದರೆ..." ಎಂದು ನಿಟ್ಟುಸಿರಿಟ್ಟರು. ಆರು ವರ್ಷ ಅವರು ಅದನ್ನೇ ನಂಬಿದ್ದರು. ಎಷ್ಟು ಜನಕ್ಕೆ ಹೇಳಿದ್ದರೋ! ಮರುದಿನವೇ ನಸೀಮಾಳ ಮನೆಗೆ ಹೋಗಿ ಎಲ್ಲ ಹೇಳಿದೆ.

"ಗೂಡಿನ ಮಾತಾಡಿದ್ನಲ್ಲ, ಅವತ್ತು ವಾಪಸ್ ಬರ್ತಾ ಅಬ್ಬಾ ಸ್ಕೂಟರ್ ನಿಲ್ಸಿ ನೋಟ್‌ಬುಕ್ ತಕ್ಕೊಟ್ರು ಅಕ್ಕ, ಬರಿ ಅಂತ," ಎಂದಳು. "ಹೋದ ವರ್ಷ ತೀರ್ಕಂಡ್ರು."

ಕ್ಷಮಿಸು ಎಂದೆ.

"ನನ್ ವಿಷ್ಯ ಬುಡಿ. ಅಬ್ಬಾನ ಮೇಲೆ ಹಾಕಿದ್ರಲ್ಲ, ಅದನ್ನ ಪೇಪರ್‌ನಲ್ಲೇ ಸರಿ ಮಾಡಿ."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಂಪಾದಕರಿಗೂ ಹೇಳಿದ್ದೇನೆ, ಇನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುತ್ತೀಯಾ ಎಂದು ಅವರೇ ಖುದ್ದಾಗಿ ನಸೀಮಾಳನ್ನು ಕೇಳಿದ್ದಾರೆ. ಅವಳು ಇನ್ನೂ ಉತ್ತರ ಕೊಟ್ಟಿಲ್ಲ — ಕೊಡಬೇಕಾಗಿಯೂ ಇಲ್ಲ.

ಅವಳ ಅಬ್ಬಾ ಎಂದೂ ಬೇಡ ಎಂದವರಲ್ಲ. ಅವಳು ಬರೆಯುವುದು ಬೇಡವಾಗಿದ್ದದ್ದು ನನಗೆ.