ಅಜ್ಜನ ಕುದುರೆ ಹೊಲ, ನನ್ನ ಹಾಳೂರ ಹೊಲ

ಹೋದ ಶನಿವಾರ ಟೊಮೆಟೊ ಸಸಿಗಳಿಗೆಂದು ಪೀಟ್ ಮಾಸ್ ಚೀಲ ಒಡೆದೆ. ಜೌಗು ನೆಲದ ಆ ಕಪ್ಪು ಮಣ್ಣಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಪಕ್ಕದ ಮನೆಯ ಅಜ್ಜ ಬೇಲಿಯ ಮೇಲೆ ಮೊಣಕೈ ಊರಿ ನಿಂತಂತಾಯಿತು...

ದೇಶ ಬಿಟ್ಟು ನಾವು ಥಾರ್ನ್‌ಹಿಲ್ಲಿನ ಈ ಮನೆಗೆ ಬಂದ ಹೊಸತು. ಅಜ್ಜ ಐರ್ಲೆಂಡಿನ ಹಳ್ಳಿಯವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ನಾನು ಇಂಥದೇ ಚೀಲ ಒಡೆಯುವುದನ್ನು ಕಂಡು ನಕ್ಕರು. ಮಾತಾಡಿದ್ದು ಇಂಗ್ಲಿಷಿನಲ್ಲೇ. ನನಗೆ ನೆನಪಿರುವುದು ಮಾತ್ರ ನಮ್ಮೂರ ಮಾತಿನಲ್ಲಿ.

"ಏನವ್ವಾ, ನಾವು ಇದನ್ನ ಒಣಗಿಸಿ ಒಲಿಗೆ ಹಾಕ್ತಿದ್ವಿ. ನೀ ಅಂಗಡ್ಯಾಗಿಂದ ತಂದು ಮಣ್ಣಿಗೆ ಹಾಕಾಕತ್ತೀ!"

"ನಮ್ಮ ಕಡೆ ಒಲಿಗೆ ಸಗಣಿ ಕುಳ್ಳು, ಅಜ್ಜಾ."

ಯಾವ ಊರು ಎಂದರು. ಧಾರವಾಡ ಎಂದೆ. ಇಲ್ಲಿ ಎಲ್ಲರಿಗೂ ಅಷ್ಟೇ ಹೇಳುವುದು. ಕನ್ನಡದವರ ಪಾಟ್‌ಲಕ್ ಊಟದಲ್ಲೂ ಅದರಾಚೆ ಯಾರೂ ಕೇಳುವುದಿಲ್ಲ. ಅಜ್ಜ ಬಿಡಲಿಲ್ಲ.

"ಅದು ಪ್ಯಾಟಿ. ನಿಮ್ಮ ಹೊಲದ ಹೆಸರೇನು?"

ಹಾಳೂರ ಹೊಲ ಎಂದೆ. ಯಾವ ಕಾಲದಲ್ಲೋ ಜನ ಬಿಟ್ಟುಹೋದ ಊರು ಅದು. ಉಳಿದದ್ದು ಬಿದ್ದ ಗೋಡೆಗಳು, ಒಬ್ಬ ಹಣಮಪ್ಪ. ವರ್ಷಕ್ಕೊಮ್ಮೆ ಹೋಗಿ ಎಡೆ ಮಾಡಿ ಬರುತ್ತಿದ್ದೆವು.

ಅವರ ಊರೂ ಹಾಗೆಯೇ ಅಂತೆ. ಸೂರಿಲ್ಲದ ಮನೆಗಳು, ಅರ್ಧ ಗೋಡೆಯ ಚರ್ಚು. ಹಳಬರು ಯಾರೂ ಉಳಿದಿಲ್ಲ, ಮಗನಿಗೆ ಆಸಕ್ತಿಯಿಲ್ಲ.

"ನಾ ಹ್ವಾದ ಮ್ಯಾಲೆ ಆ ಹೊಲಗಳನ್ನ ಹೆಸರು ಹಿಡದು ಕರಿಯೋರು ಯಾರದಾರವ್ವಾ?"

ಆಗ ಅವರು ನಗಲಿಲ್ಲ.

ಅವತ್ತಿನಿಂದ ಬೇಲಿಯ ಮೇಲೆ ಹೊಲದ ಹೆಸರುಗಳ ಕೊಡುಕೊಳ್ಳುವಿಕೆ ಶುರುವಾಯಿತು. ಅವರದು ಪಾರ್ಕ್‌ನಗಪಲ್, ಅಂದರೆ ಕುದುರೆ ಹೊಲ. ನನ್ನದು ಮಡ್ಡಿ ಹೊಲ. ಅವರದು ಗೊರ್ಟ್‌ನಕಿಲ್ಲ, ಚರ್ಚಿನ ಹೊಲ. ನನ್ನದು ಹುಣಸೀಗಿಡದ ಹೊಲ. ತಪ್ಪು ಹೇಳಿದರೆ ಮತ್ತೆ ಹೇಳಿಸುತ್ತಿದ್ದರು, ನಾನೂ ಬಿಡುತ್ತಿರಲಿಲ್ಲ.

"ಇಬ್ರೂ ಸೇರಿ ಹೊಲ ಮಾರಾಕ ಹೊಂಟೀರೇನು?" ಎಂದು ನಮ್ಮ ಯಜಮಾನರು ಕಿಚಾಯಿಸುತ್ತಿದ್ದರು.

ಅಜ್ಜನಿಗೆ ಮರೆವು ಹೆಚ್ಚಾದ ಮೇಲೆ ಮಗ ಅವರನ್ನು ಪಿಕರಿಂಗಿನ ವೃದ್ಧಾಶ್ರಮಕ್ಕೆ ಸೇರಿಸಿದ. ನೋಡಲು ಹೋದರೆ ನನ್ನ ಗುರುತು ಹತ್ತಲಿಲ್ಲ. ಪಕ್ಕದಲ್ಲಿ ಕೂತು "ಪಾರ್ಕ್‌ನಗಪಲ್" ಎಂದೆ. ಕಿಟಕಿಯನ್ನೇ ನೋಡುತ್ತಿದ್ದರು. ಸುಮಾರು ಹೊತ್ತಾದ ಮೇಲೆ, ತಿರುಗದೆಯೇ, ಅವರ ಐರಿಷ್ ನಾಲಿಗೆಯಲ್ಲಿ ಮೆಲ್ಲಗೆ...

"ಹಾಳೂರ ಹೊಲ."

ನನ್ನ ಪಾಳಿ ಬಂದಿತ್ತು. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

ಆ ಚಳಿಗಾಲ ಅಜ್ಜ ಹೋದರು. ಮನೆ ಕೊಂಡವರು ಎತ್ತರದ ಬೇಲಿ ಹಾಕಿಸಿದ್ದಾರೆ, ಮೊಣಕೈ ಊರಲು ಜಾಗವಿಲ್ಲ. ಅಜ್ಜ ನನ್ನ ಊರನ್ನು ನನಗೆ ತಿರುಗಿ ಕೊಟ್ಟ ಪುಣ್ಯಾತ್ಮ. ಶನಿವಾರ ಮಣ್ಣು ಕಲಸುತ್ತಾ ಅವರ ಹೊಲಗಳನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕರೆದೆ.

"ಹೂ ಆರ್ ಯು ಟಾಕಿಂಗ್ ಟು, ಅಮ್ಮ?" ಎಂದಳು ಮಗಳು.

"ಬಾ ಇಲ್ಲೆ, ಕುಂದ್ರು," ಎಂದೆ. "ಅನ್ನು, ಪಾರ್ಕ್‌ನಗಪಲ್."